ಪಟ್ಟಿ ಹತ್ತದ ಹಾಡುಗಳು

ಪಾಪ್ ಹಾಡುಗಳ ಜನಪ್ರಿಯತೆಯನ್ನು ವಾರಕ್ಕೊಮ್ಮೆ ಎಣಿಸಿ ಅವುಗಳಿಗೆ ಸ್ಥಾನ ಕೊಡುವ ಪಟ್ಟಿಗೆ ಚಾರ್ಟ್ ಎಂದು ಹೆಸರು. ಬ್ರಿಟನ್ನಿನಲ್ಲಿ ಇಂಥ ಮೊದಲ ಪಟ್ಟಿ ಅಚ್ಚಾದದ್ದು 1952ರ ನವೆಂಬರ್ 14ರಂದು. ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’ ವಾರಪತ್ರಿಕೆಯ ಪರ್ಸಿ ಡಿಕಿನ್ಸ್ ಸುಮಾರು ಇಪ್ಪತ್ತು ರೆಕಾರ್ಡ್ ಅಂಗಡಿಗಳಿಗೆ ಫೋನ್ ಮಾಡಿ, ಆ ವಾರ ಯಾವ ತಟ್ಟೆ ಹೆಚ್ಚು ಹೋಯಿತು ಎಂದು ವಿಚಾರಿಸಿ, ಬಂದ ಉತ್ತರಗಳನ್ನು ಕೂಡಿಸಿ ಹನ್ನೆರಡು ಸ್ಥಾನಗಳ ಪಟ್ಟಿ ತಯಾರಿಸಿದರು. ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆಯ ‘ಹಾಟ್ 100’ ಶುರುವಾದದ್ದು 1958ರ ಆಗಸ್ಟ್ 4ರಂದು. ಅದರಲ್ಲಿ ಮಾರಾಟದ ಜೊತೆಗೆ ರೇಡಿಯೊದಲ್ಲಿ ಹಾಡು ಎಷ್ಟು ಸಲ ಬಂತು ಎಂಬುದೂ ಲೆಕ್ಕಕ್ಕೆ ಸೇರುತ್ತಿತ್ತು. ಎರಡೂ ಪಟ್ಟಿಗಳ ಮೂಲ ಉದ್ದೇಶ ವ್ಯಾಪಾರದ್ದು. ಅಂಗಡಿಯವನು ಮುಂದಿನ ವಾರಕ್ಕೆ ಎಷ್ಟು ಮಾಲು ತರಿಸಬೇಕು, ರೇಡಿಯೊದವರು ಯಾವುದನ್ನು ಹಾಕಬೇಕು ಎಂದು ತಿಳಿಯಲು ಅದೊಂದು ಕೈಪಿಡಿ.

ಆದರೆ ಕೇಳುಗರ ಪಾಲಿಗೆ ಅದು ಬೇಗನೆ ಬೇರೆಯೇ ಆಯಿತು. ಬ್ರಿಟನ್ನಿನಲ್ಲಿ 1987ರವರೆಗೂ ಹೊಸ ಪಟ್ಟಿ ಪ್ರಕಟವಾಗುತ್ತಿದ್ದುದು ಮಂಗಳವಾರ ಮಧ್ಯಾಹ್ನ. ಶಾಲೆಯ ಊಟದ ಬಿಡುವಿನಲ್ಲಿ ಟ್ರಾನ್ಸಿಸ್ಟರ್ ಸುತ್ತ ಹುಡುಗರ ಗುಂಪು ನೆರೆಯುತ್ತಿತ್ತು. ಭಾನುವಾರ ಸಂಜೆ ಬಿಬಿಸಿ ರೇಡಿಯೊ 1ರಲ್ಲಿ ಪಟ್ಟಿಯ ಹಾಡುಗಳು ಕೆಳಗಿನಿಂದ ಮೇಲಕ್ಕೆ ಬರುತ್ತಿದ್ದವು. ನಿರೂಪಕನ ಮಾತು ಸೇರದಂತೆ ಹಾಡನ್ನಷ್ಟೇ ಕ್ಯಾಸೆಟ್ಟಿಗೆ ತುಂಬಿಕೊಳ್ಳಲು, ಬೆರಳನ್ನು ಟೇಪ್ ರೆಕಾರ್ಡರಿನ ಗುಂಡಿಯ ಮೇಲಿಟ್ಟು ಉಸಿರು ಬಿಗಿಹಿಡಿದು ಕೂರುವುದು ಒಂದು ಇಡೀ ಪೀಳಿಗೆಯ ಬಾಲ್ಯದ ನೆನಪು. ಆ ನೆನಪಿನ ಜೊತೆಗೇ ಒಂದು ಕೊರಗೂ ಉಳಿದಿದೆ. ಮನಸ್ಸಿಗೆ ಹತ್ತಿದ ಹಾಡು ಎಷ್ಟೋ ಸಲ ಆ ಕಾರ್ಯಕ್ರಮದಲ್ಲಿ ಬರಲೇ ಇಲ್ಲ. ಇಂಥ ಹಾಡುಗಳನ್ನು ಒಂದೊಂದಾಗಿ ನೋಡುತ್ತ ಹೋದರೆ, ಅವು ಏರದೆ ಹೋದದ್ದಕ್ಕೆ ಹೇಳಿ ತೋರಿಸಬಹುದಾದ ಕಾರಣಗಳಿವೆ, ಆ ಕಾರಣಗಳಲ್ಲಿ ಹೆಚ್ಚಿನವು ಹಾಡಿನ ಹೊರಗಿನವು ಎಂಬುದು ಕಾಣುತ್ತದೆ.

ಮೊದಲನೆಯ ಕಾರಣ ತಟ್ಟೆಯ ಯಾವ ಬದಿ ಎಂಬುದು. ಏಳು ಇಂಚಿನ ಸಿಂಗಲ್ ತಟ್ಟೆಗೆ ಎರಡು ಬದಿ. ಕಂಪನಿ ಗೆಲ್ಲಲೆಂದು ಬಿಡುವ ಹಾಡು ಎ ಬದಿಗೆ, ಜೊತೆಗೆ ಕೊಡುವುದು ಬಿ ಬದಿಗೆ. ಬೀಚ್ ಬಾಯ್ಸ್ ಬ್ಯಾಂಡಿನ ‘ಗಾಡ್ ಓನ್ಲಿ ನೋಸ್’ 1966ರಲ್ಲಿ ಅಮೆರಿಕದಲ್ಲಿ ಬಿ ಬದಿಗೆ ಹೋಯಿತು. ಬ್ರಯಾನ್ ವಿಲ್ಸನ್ ಮತ್ತು ಟೋನಿ ಆಶರ್ ಕೂಡಿ ರಚಿಸಿದ, ಕಾರ್ಲ್ ವಿಲ್ಸನ್ ಹಾಡಿದ ಈ ಪ್ರೇಮಗೀತೆ ಫ್ರೆಂಚ್ ಹಾರ್ನಿನ ದನಿಯಿಂದ ಶುರುವಾಗುತ್ತದೆ. ಆಧಾರ ಸ್ವರದ ಮೇಲೆ ಸುಲಭಕ್ಕೆ ಕೂರದೆ ಸುತ್ತಾಡುತ್ತ ಹೋಗಿ, ಕೊನೆಗೆ ಒಂದು ಕಂಠದ ಬೆನ್ನಿಗೆ ಇನ್ನೊಂದು ಕಂಠ ಅದೇ ಸಾಲನ್ನು ಎತ್ತಿಕೊಂಡು ಬೆನ್ನಟ್ಟುವಂತೆ ಮುಗಿಯುತ್ತದೆ. ದೇವರ ಹೆಸರು ಶೀರ್ಷಿಕೆಯಲ್ಲಿದ್ದರೆ ರೇಡಿಯೊದವರು ಹಿಂಜರಿದಾರು ಎಂಬ ಅಳುಕು ರಚಿಸಿದವರಿಗೇ ಇತ್ತು. ಅಮೆರಿಕದಲ್ಲಿ ಅದು 39ನೆಯ ಸ್ಥಾನಕ್ಕೆ ನಿಂತಿತು. ಬ್ರಿಟನ್ನಿನಲ್ಲಿ ಅದೇ ಹಾಡು ಎ ಬದಿಯಾಗಿ ಬಂದು 2ನೆಯ ಸ್ಥಾನ ಮುಟ್ಟಿತು. ಹಾಡು ಒಂದೇ, ವರ್ಷವೂ ಒಂದೇ. ತಟ್ಟೆಯನ್ನು ಮಗುಚಿ ಹಾಕಿದ್ದಷ್ಟೇ ವ್ಯತ್ಯಾಸ.

ಅದೇ 1966ರಲ್ಲಿ ಇದಕ್ಕಿಂತ ದೊಡ್ಡ ಪೆಟ್ಟು ತಿಂದದ್ದು ‘ರಿವರ್ ಡೀಪ್, ಮೌಂಟನ್ ಹೈ’. ನಿರ್ಮಾಪಕ ಫಿಲ್ ಸ್ಪೆಕ್ಟರ್ ಆ ಹೊತ್ತಿಗೆ ಸಾಲು ಸಾಲು ಹಿಟ್ ಕೊಟ್ಟಿದ್ದವರು. ಲಾಸ್ ಏಂಜಲಿಸ್ಸಿನ ಗೋಲ್ಡ್ ಸ್ಟಾರ್ ಸ್ಟುಡಿಯೊದಲ್ಲಿ ಹತ್ತಾರು ವಾದಕರನ್ನು ಒಟ್ಟಿಗೆ ಕೂರಿಸಿ, ಒಂದೇ ವಾದ್ಯವನ್ನು ಎರಡು ಮೂರು ಮಂದಿಯಿಂದ ನುಡಿಸಿ, ಪ್ರತಿಧ್ವನಿಯ ಕೋಣೆಯ ಮೂಲಕ ಹಾಯಿಸಿ, ದನಿಯ ಗೋಡೆಯನ್ನೇ ಎಬ್ಬಿಸುವುದು ಅವರ ಕ್ರಮ. ಹಾಡಿಗೆ ಆರಿಸಿಕೊಂಡದ್ದು ಟೀನಾ ಟರ್ನರ್ ಅವರನ್ನು. ತಟ್ಟೆಯ ಮೇಲೆ ಗಂಡ ಐಕ್ ಟರ್ನರ್ ಹೆಸರೂ ಇದೆ, ಆದರೆ ಹಾಡಿನಲ್ಲಿ ಅವರ ಪಾಲು ಇಲ್ಲ. ಟೀನಾ ಅದೇ ಸಾಲುಗಳನ್ನು ಮತ್ತೆ ಮತ್ತೆ ಹಾಡಿ ಬೆವರಿನಲ್ಲಿ ತೊಯ್ದುಹೋದರು. ಅಷ್ಟು ವಾದ್ಯಗಳ ಮೊರೆತವನ್ನು ಸೀಳಿಕೊಂಡು ಒಂದೇ ಒಂದು ಹೆಣ್ಣುದನಿ ಮೇಲೆ ನಿಲ್ಲುವುದೇ ಈ ಹಾಡಿನ ಬೆರಗು.

ಅಮೆರಿಕದ ಪಟ್ಟಿಯಲ್ಲಿ ಅದಕ್ಕೆ ಸಿಕ್ಕಿದ್ದು 88ನೆಯ ಸ್ಥಾನ. ಅಂದಿನ ಅಲ್ಲಿನ ರೇಡಿಯೊ ಕೇಂದ್ರಗಳು ಕರಿಯರಿಗೆ ಬೇರೆ, ಬಿಳಿಯರಿಗೆ ಬೇರೆ ಎಂಬಂತೆ ಹಂಚಿಹೋಗಿದ್ದವು. ಕರಿಯರ ಕೇಂದ್ರಗಳ ಪಾಲಿಗೆ ಇದು ತೀರಾ ಪಾಪ್, ಬಿಳಿಯರ ಕೇಂದ್ರಗಳ ಪಾಲಿಗೆ ತೀರಾ ಸೋಲ್, ಅಂದರೆ ಕರಿಯರ ಸಂಗೀತ. ಎರಡೂ ಕಡೆಯವರು ಕೈಬಿಟ್ಟರು ಎಂದು ಐಕ್ ಟರ್ನರ್ ಆಮೇಲೂ ದೂರುತ್ತಿದ್ದರು. ಬ್ರಿಟನ್ನಿನಲ್ಲಿ ಕರಿಯರು, ಬಿಳಿಯರು ಎಂಬ ಆ ಗೋಡೆ ಅಷ್ಟು ಗಟ್ಟಿಯಿರಲಿಲ್ಲ. ಅಲ್ಲಿ ಹಾಡು 3ನೆಯ ಸ್ಥಾನಕ್ಕೆ ಏರಿತು, ಆ ವರ್ಷದ ಶರತ್ಕಾಲದಲ್ಲಿ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಬ್ರಿಟಿಷ್ ಪ್ರವಾಸದಲ್ಲಿ ಹಾಡಲು ಟರ್ನರ್ ದಂಪತಿಗೆ ಕರೆ ಬಂತು. ಸ್ಪೆಕ್ಟರ್ ಮಾತ್ರ ಸೋಲನ್ನು ಮನಸ್ಸಿಗೆ ಹಚ್ಚಿಕೊಂಡು ಕೆಲವು ಕಾಲ ಸ್ಟುಡಿಯೊದಿಂದಲೇ ದೂರವಾದರು.

ಒಂದು ದೇಶದಲ್ಲಿ ಗೆದ್ದು ಇನ್ನೊಂದರಲ್ಲಿ ಹೆಸರೇ ಕೇಳಿಸದೆ ಹೋದುದಕ್ಕೆ ‘ವಾಟರ್ಲೂ ಸನ್‌ಸೆಟ್’ ಉದಾಹರಣೆ. ಲಂಡನ್ನಿನ ರೈಲು ನಿಲ್ದಾಣದ ನೂಕುನುಗ್ಗಲನ್ನೂ ಥೇಮ್ಸ್ ನದಿಯ ಮೇಲಿನ ಸಂಜೆಯನ್ನೂ ಕಿಟಕಿಯಿಂದ ನೋಡುತ್ತ ಕೂತ ಒಬ್ಬಂಟಿಯ ಕಣ್ಣಿನಲ್ಲಿ ಹಿಡಿದ ಹಾಡು ಇದು. ಕಿಂಕ್ಸ್ ಬ್ಯಾಂಡಿಗೆ ರೇ ಡೇವಿಸ್ ಬರೆದದ್ದು. 1967ರಲ್ಲಿ ಬ್ರಿಟನ್ನಿನಲ್ಲಿ 2ನೆಯ ಸ್ಥಾನ ಪಡೆಯಿತು. ಅಮೆರಿಕದ ನೂರರ ಪಟ್ಟಿಗೆ ಕಾಲೇ ಇಡಲಿಲ್ಲ. 1965ರ ಪ್ರವಾಸದ ಜಗಳಗಳ ನಂತರ ಅಲ್ಲಿನ ವಾದಕರ ಸಂಘ ಕಿಂಕ್ಸ್‌ಗೆ ಪರವಾನಗಿ ನಿಲ್ಲಿಸಿತ್ತು, ಅದು ತೆರವಾದದ್ದು 1969ರಲ್ಲಿ. ವೇದಿಕೆಯ ಮೇಲೆ, ಟಿವಿಯಲ್ಲಿ ಮುಖ ತೋರಿಸಲಾಗದ ಬ್ಯಾಂಡಿನ ತಟ್ಟೆಯನ್ನು ಅಂಗಡಿಗೆ ಬಂದು ಕೇಳುವವರು ಯಾರು?

ಎರಡನೆಯ ಸ್ಥಾನದ ಕಥೆಗಳದ್ದು ಇನ್ನೊಂದು ಬಗೆ. 1967ರಲ್ಲಿ ಬೀಟಲ್ಸ್ ‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಮತ್ತು ‘ಪೆನ್ನಿ ಲೇನ್’ ಹಾಡುಗಳನ್ನು ಒಂದೇ ತಟ್ಟೆಯ ಎರಡು ಬದಿಯಲ್ಲಿ ಬಿಟ್ಟರು. ಎರಡೂ ಎ ಬದಿಯೇ. ಇಂದು ‘ರೆಕಾರ್ಡ್ ರಿಟೇಲರ್’ ಪತ್ರಿಕೆಯ ಪಟ್ಟಿಯನ್ನು ಆ ಕಾಲದ ಅಧಿಕೃತ ದಾಖಲೆಯೆಂದು ಒಪ್ಪಲಾಗಿದೆ. ಅದರಲ್ಲಿ ಈ ತಟ್ಟೆ 2ಕ್ಕೆ ನಿಂತಿತು. ಮೇಲೆ ಕೂತದ್ದು ‘ರಿಲೀಸ್ ಮಿ’. ಅದನ್ನು ಹಾಡಿದ ಎಂಗಲ್‌ಬರ್ಟ್ ಹಂಪರ್‌ಡಿಂಕ್ ಹುಟ್ಟಿದ್ದು 1936ರಲ್ಲಿ, ನಮ್ಮ ಮದರಾಸಿನಲ್ಲಿ. ಹುಟ್ಟುಹೆಸರು ಆರ್ನಲ್ಡ್ ಜಾರ್ಜ್ ಡಾರ್ಸಿ, ಬೆಳೆದದ್ದು ಇಂಗ್ಲೆಂಡಿನ ಲೆಸ್ಟರಿನಲ್ಲಿ. ಆ ಹಾಡು ಆರು ವಾರ ಮೊದಲ ಸ್ಥಾನದಲ್ಲಿದ್ದು, ಒಟ್ಟು 56 ವಾರ ಪಟ್ಟಿಯಲ್ಲಿ ಉಳಿಯಿತು. ಕುತೂಹಲದ ಸಂಗತಿ ಏನೆಂದರೆ, ಅದೇ ಹೊತ್ತಿನಲ್ಲಿ ‘ಮೆಲಡಿ ಮೇಕರ್’ ಪತ್ರಿಕೆಯ ಪಟ್ಟಿಯಲ್ಲಿ ಬೀಟಲ್ಸ್ ತಟ್ಟೆಯೇ ಮೊದಲನೆಯದು. 1969ರಲ್ಲಿ ಅಧಿಕೃತ ಪಟ್ಟಿಯೊಂದು ಬರುವವರೆಗೂ ಬ್ರಿಟನ್ನಿನಲ್ಲಿ ಪತ್ರಿಕೆಗೊಂದು ಲೆಕ್ಕ. ಒಂದು ಹಾಡು ಗೆದ್ದಿತೋ ಸೋತಿತೋ ಎಂಬುದು ಯಾವ ಪತ್ರಿಕೆ ಕೊಂಡಿರಿ ಎಂಬುದರ ಮೇಲಿತ್ತು.

1981ರ ‘ವಿಯೆನ್ನಾ’ಕ್ಕೆ ಇಂಥ ಸಮಾಧಾನವೂ ಇರಲಿಲ್ಲ. ಅಲ್ಟ್ರಾವಾಕ್ಸ್ ಬ್ಯಾಂಡಿನ ಈ ಹಾಡು ನಿಧಾನಗತಿಯದು. ನಾಡಿಬಡಿತದಂಥ ಯಂತ್ರತಾಳದ ಮೇಲೆ ಮಿಡ್ಜ್ ಯೂರ್ ಅವರ ದನಿ ಏರುತ್ತ ಹೋಗುತ್ತದೆ, ನಡುವೆ ಬಿಲ್ಲಿ ಕರ್ರಿ ಅವರ ವಿಯೋಲಾ ಅಳುತ್ತ ಬರುತ್ತದೆ. ನಾಲ್ಕು ವಾರ ಅದು 2ನೆಯ ಸ್ಥಾನದಲ್ಲೇ ಕೂತಿತು. ಮೊದಲ ವಾರ ಮೇಲಿದ್ದದ್ದು ಕೆಲವೇ ವಾರಗಳ ಹಿಂದೆ ಕೊಲೆಯಾಗಿದ್ದ ಜಾನ್ ಲೆನನ್ ಅವರ ‘ವುಮನ್’. ಅದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಉಳಿದ ಮೂರು ವಾರ ದಾರಿಗೆ ಅಡ್ಡ ನಿಂತದ್ದು ಇಟಾಲಿಯನ್ ಉಚ್ಚಾರಣೆಯನ್ನು ಅಣಕಿಸುವ ಜೋ ಡಾಲ್ಚೆಯ ತಮಾಷೆಯ ಹಾಡು ‘ಶಡಪ್ ಯು ಫೇಸ್’. ಮೂವತ್ತು ವರ್ಷ ಕಳೆದ ಮೇಲೆ, ಮೊದಲ ಸ್ಥಾನಕ್ಕೆ ಬಾರದೆ ಎರಡರಲ್ಲೇ ನಿಂತ ಹಾಡುಗಳಲ್ಲಿ ನಿಮ್ಮ ಮೆಚ್ಚಿನದು ಯಾವುದು ಎಂದು ಬಿಬಿಸಿ ರೇಡಿಯೊ 2 ಕೇಳುಗರ ಮತ ತೆಗೆದಾಗ ಗೆದ್ದದ್ದು ‘ವಿಯೆನ್ನಾ’.

ಎರಡನೆಯ ಸ್ಥಾನವೂ ಸಿಗದೆ, ತಯಾರಾದ ಊರಿನಲ್ಲೇ ಮಣ್ಣುಗೂಡಿದ ತಟ್ಟೆಗಳು ಸಾವಿರಾರು. ಅವುಗಳಿಗೆ ಎರಡನೆಯ ಜನ್ಮ ಕೊಟ್ಟದ್ದು ಇಂಗ್ಲೆಂಡಿನ ಉತ್ತರ ಭಾಗದ ಕುಣಿತದ ಮನೆಗಳು. 1970ರ ದಶಕದಲ್ಲಿ ವಿಗನ್ ಊರಿನ ಕ್ಯಾಸಿನೊದಂಥ ಕಡೆ ಗಿರಣಿ, ಕಾರ್ಖಾನೆಗಳ ಕೆಲಸದ ಹುಡುಗ ಹುಡುಗಿಯರು ರಾತ್ರಿಯಿಡೀ ಕುಣಿಯುತ್ತಿದ್ದುದು ಹತ್ತು ವರ್ಷ ಹಿಂದೆ ಅಮೆರಿಕದಲ್ಲಿ ಸೋತ ಕರಿಯ ಗಾಯಕರ ಹಾಡುಗಳಿಗೆ. ಇದಕ್ಕೆ ನಾರ್ದರ್ನ್ ಸೋಲ್ ಎಂದು ಹೆಸರಾಯಿತು. ಇಲ್ಲಿ ಬೆಲೆಯ ಲೆಕ್ಕ ತಿರುಗುಮುರುಗು: ಯಾರೂ ಕೇಳಿರದ ಹಾಡಿಗೇ ಹೆಚ್ಚು ಮಾನ. ಡಿಜೆಗಳು ಅಮೆರಿಕದ ಗೋದಾಮುಗಳಲ್ಲಿ ಹಳೆ ತಟ್ಟೆಗಳ ರಾಶಿ ಕೆದಕಿ ಹಾಡು ಹುಡುಕಿ ತರುತ್ತಿದ್ದರು. ಎದುರಾಳಿ ಡಿಜೆಗೆ ಗುಟ್ಟು ತಿಳಿಯದಿರಲೆಂದು ತಟ್ಟೆಯ ನಡುವಿನ ಹೆಸರಪಟ್ಟಿಯ ಮೇಲೆ ಬಿಳಿ ಕಾಗದ ಅಂಟಿಸಿ ಸುಳ್ಳು ಹೆಸರು ಬರೆಯುವುದೂ ಇತ್ತು.

ಗ್ಲೋರಿಯಾ ಜೋನ್ಸ್ ಹಾಡಿದ ‘ಟೇಂಟೆಡ್ ಲವ್’ ಹೀಗೆ ಸಿಕ್ಕ ಹಾಡು. ಎಡ್ ಕಾಬ್ ಬರೆದ ಇದು 1965ರಲ್ಲಿ ಇನ್ನೊಂದು ಹಾಡಿನ ಬಿ ಬದಿಯಾಗಿ ಬಂದು ಯಾವ ಪಟ್ಟಿಗೂ ಸೇರದೆ ಮುಳುಗಿತ್ತು. 1973ರಲ್ಲಿ ಡಿಜೆ ರಿಚರ್ಡ್ ಸರ್ಲಿಂಗ್ ಅಮೆರಿಕದಲ್ಲಿ ಇದನ್ನು ಕೊಂಡು ತಂದರು, ಉತ್ತರದ ಕ್ಲಬ್ಬುಗಳಲ್ಲಿ ಅದು ಹೊತ್ತಿಕೊಂಡಿತು. ಅಲ್ಲಿಂದ ಅದನ್ನು ಎತ್ತಿಕೊಂಡ ಸಾಫ್ಟ್ ಸೆಲ್ ಜೋಡಿ, ಅಂದರೆ ಮಾರ್ಕ್ ಆಲ್ಮಂಡ್ ಮತ್ತು ಡೇವ್ ಬಾಲ್, ವೇಗ ತಗ್ಗಿಸಿ ಸಿಂಥಸೈಜರಿನ ಮೇಲೆ ಹಾಡಿದ್ದು 1981ರಲ್ಲಿ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿತು. ಅಮೆರಿಕದ ನೂರರ ಪಟ್ಟಿಯಲ್ಲಿ 8ನೆಯ ಸ್ಥಾನ ಪಡೆದು, 43 ವಾರ ಉಳಿದು ಅಂದಿಗೆ ದಾಖಲೆ ಮಾಡಿತು. ಗ್ಲೋರಿಯಾ ಜೋನ್ಸ್ ಅವರ ಮೂಲ ಹಾಡಿನಲ್ಲಿರುವ ತುತ್ತೂರಿಗಳ ಅಬ್ಬರ, ಓಟ, ಸಿಟ್ಟು ಇವನ್ನು ಕೇಳಿದವರಿಗೆ, ಅದು ಸೋಲಲು ಹಾಡಿನೊಳಗೆ ಕಾರಣ ಸಿಗುವುದಿಲ್ಲ. ಫ್ರಾಂಕ್ ವಿಲ್ಸನ್ ಅವರ ‘ಡೂ ಐ ಲವ್ ಯು’ ಪಾಡು ಇನ್ನೂ ವಿಚಿತ್ರ. ಮೋಟೌನ್ ಸಂಸ್ಥೆಗಾಗಿ 1965ರಲ್ಲಿ ಮುದ್ರಿಸಿದ ಈ ತಟ್ಟೆ ಮಾರಾಟಕ್ಕೇ ಹೋಗಲಿಲ್ಲ. ಮಾದರಿ ಪ್ರತಿಗಳನ್ನು ನಾಶ ಮಾಡಿದ ಮೇಲೆ ಉಳಿದವು ಬೆರಳೆಣಿಕೆಯಷ್ಟು. ಅದರ ಒಂದು ಪ್ರತಿ 2009ರಲ್ಲಿ 25 ಸಾವಿರ ಪೌಂಡಿಗೂ ಮೇಲೆ ಹರಾಜಾಯಿತು.

ಹಾಡು ಚೆನ್ನಾಗಿದ್ದು, ವಿಮರ್ಶಕರು ಮೆಚ್ಚಿ, ಅಂಗಡಿಯಲ್ಲಿ ಮಾತ್ರ ತಟ್ಟೆ ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಮೆಂಫಿಸ್ ಊರಿನ ಬಿಗ್ ಸ್ಟಾರ್ ಬ್ಯಾಂಡ್ ಸಾಕ್ಷಿ. ಇದರ ಅಲೆಕ್ಸ್ ಚಿಲ್ಟನ್ 1967ರಲ್ಲಿ, ಹದಿನಾರರ ವಯಸ್ಸಿನಲ್ಲಿ, ಬಾಕ್ಸ್ ಟಾಪ್ಸ್ ಬ್ಯಾಂಡಿಗೆ ಹಾಡಿದ ‘ದ ಲೆಟರ್’ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಹಾಗಾಗಿ ಗೆಲುವು ಅವರಿಗೆ ಹೊಸದಲ್ಲ. ಕ್ರಿಸ್ ಬೆಲ್ ಜೊತೆ ಕಟ್ಟಿದ ಹೊಸ ಬ್ಯಾಂಡಿಗೆ ಸ್ಟುಡಿಯೊ ಹತ್ತಿರದ ದಿನಸಿ ಅಂಗಡಿಯ ಹೆಸರಿಟ್ಟರು. 1972ರ ಮೊದಲ ಆಲ್ಬಮ್ಮನ್ನು ‘ನಂಬರ್ 1 ರೆಕಾರ್ಡ್’ ಎಂದೇ ಕರೆದರು. ತಟ್ಟೆ ಹಂಚುವ ಹೊಣೆ ಸ್ಟ್ಯಾಕ್ಸ್ ಕಂಪನಿಯದು. ಸೋಲ್ ಸಂಗೀತದಲ್ಲಿ ಪಳಗಿದ ಆ ಕಂಪನಿಗೆ ರಾಕ್ ಅಂಗಡಿಗಳ ದಾರಿ ಗೊತ್ತಿರಲಿಲ್ಲ. ಹಂಚಿಕೆ ಕೊಲಂಬಿಯಾದ ಕೈಗೆ ಹೋದ ಮೇಲಂತೂ ಎರಡು ಕಂಪನಿಗಳ ಜಗಳದ ನಡುವೆ 1974ರ ‘ರೇಡಿಯೊ ಸಿಟಿ’ ಆಲ್ಬಂ ಗೋದಾಮಿನಲ್ಲೇ ಕೊಳೆಯಿತು. ಅದರಲ್ಲಿದ್ದ ‘ಸೆಪ್ಟೆಂಬರ್ ಗರ್ಲ್ಸ್’ ಮೂರು ನಿಮಿಷ ತುಂಬದ ಹಾಡು. ಗಂಟೆ ನಾದದಂಥ ಗಿಟಾರು, ನಕ್ಕಂತೆ ಕಂಡು ನೋಯುವ ದನಿ ಇವುಗಳಿಂದ ಮುಂದಿನ ಎರಡು ಪೀಳಿಗೆಯ ಬ್ಯಾಂಡುಗಳಿಗೆ ಅದು ಪಾಠವಾಯಿತು. ಬ್ಯಾಂಗಲ್ಸ್ ಅದನ್ನು 1986ರಲ್ಲಿ ಮತ್ತೆ ಹಾಡಿದರು. ಕ್ರಿಸ್ ಬೆಲ್ ಅದಾಗಲೇ 1978ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದರು; ವಯಸ್ಸು 27.

ಇದೇ ಬಗೆಯ ನಷ್ಟ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಕರ್ಸ್ಟಿ ಮೆಕಾಲ್ ಅವರ ‘ದೇ ಡೋಂಟ್ ನೋ’ ಹಾಡಿನಲ್ಲಿ. ಜಾನಪದ ಗಾಯಕ ಯುವನ್ ಮೆಕಾಲ್ ಅವರ ಮಗಳು ಕರ್ಸ್ಟಿ ಈ ಹಾಡನ್ನು ತಾವೇ ಬರೆದು, 1979ರಲ್ಲಿ ಸ್ಟಿಫ್ ರೆಕಾರ್ಡ್ಸ್ ಮೂಲಕ ತಮ್ಮ ಮೊದಲ ಸಿಂಗಲ್ ಆಗಿ ಹೊರತಂದಾಗ ಅವರಿಗೆ ವಯಸ್ಸು ಹತ್ತೊಂಬತ್ತು. ಊರಿನವರಿಗೆ ಅರ್ಥವಾಗದ ತನ್ನ ಪ್ರೀತಿಯ ಬಗ್ಗೆ ಹುಡುಗಿಯೊಬ್ಬಳು ಹೇಳಿಕೊಳ್ಳುವ ಸರಳ ಮಾತು ಅದು. ಅರುವತ್ತರ ದಶಕದ ಹುಡುಗಿಯರ ಗುಂಪುಗಾನದ ಧಾಟಿ, ಆದರೆ ಗುಂಪಿಲ್ಲ. ಮೇಲುದನಿ, ಕೆಳದನಿ, ಹಿಂದಿನ ಮೇಳ ಎಲ್ಲವೂ ಕರ್ಸ್ಟಿ ಅವರದೇ ಕಂಠ, ಒಂದರ ಮೇಲೊಂದು ಪದರವಾಗಿ ಮುದ್ರಿಸಿದ್ದು. ನಡುವೆ ವಾದ್ಯಗಳು ಗಕ್ಕನೆ ನಿಲ್ಲುತ್ತವೆ. ಒಂದು ಕ್ಷಣ ಖಾಲಿ. ಆ ಖಾಲಿಯೊಳಗೆ ಮುದ್ದಿನ ಒಂದೇ ಒಂದು ಪದ ತಾರಸ್ಥಾಯಿಗೆ ಚಿಮ್ಮಿ ಇಳಿಯುತ್ತದೆ, ಹಾಡು ಮತ್ತೆ ಓಡುತ್ತದೆ.

ರೇಡಿಯೊಗೆ ಹಾಡು ಹಿಡಿಸಿತು. ಪ್ರಸಾರದ ಲೆಕ್ಕದ ಪಟ್ಟಿಯಲ್ಲಿ ಅದು 2ನೆಯ ಸ್ಥಾನದವರೆಗೂ ಬಂತು. ಅಷ್ಟರಲ್ಲಿ ತಟ್ಟೆ ಹಂಚುವ ಕಡೆ ಮುಷ್ಕರ. ರೇಡಿಯೊದಲ್ಲಿ ಕೇಳಿ ಅಂಗಡಿಗೆ ಹೋದವರಿಗೆ ತಟ್ಟೆ ಸಿಗಲಿಲ್ಲ. ಬ್ರಿಟನ್ನಿನ ಪಟ್ಟಿ ಎಣಿಸುತ್ತಿದ್ದುದು ಮಾರಾಟವನ್ನು ಮಾತ್ರ. ಹಾಗಾಗಿ ದಿನವೂ ಕಿವಿಗೆ ಬೀಳುತ್ತಿದ್ದ ಹಾಡು ಪಟ್ಟಿಯಲ್ಲಿ ಎಲ್ಲೂ ಇಲ್ಲ. ನಾಲ್ಕು ವರ್ಷದ ನಂತರ, 1983ರಲ್ಲಿ, ನಟಿ ಟ್ರೇಸಿ ಉಲ್ಮನ್ ಅದನ್ನೇ ಹಾಡಿದಾಗ ಬ್ರಿಟನ್ನಿನಲ್ಲಿ 2, ಅಮೆರಿಕದಲ್ಲಿ 8ನೆಯ ಸ್ಥಾನ ಸಿಕ್ಕಿತು. ಆ ಎತ್ತರದ ಒಂದು ಪದ ಮಾತ್ರ ಟ್ರೇಸಿಗೆ ಎಟುಕಲಿಲ್ಲ. ಅಷ್ಟನ್ನು ಹಾಡಿಕೊಟ್ಟವರು ಕರ್ಸ್ಟಿಯೇ. ಗೆದ್ದ ತಟ್ಟೆಯಲ್ಲಿ ಎಲ್ಲರೂ ಕಾಯುವ ಆ ಒಂದು ಕ್ಷಣ ಸೋತ ತಟ್ಟೆಯ ಗಾಯಕಿಯದೇ. 1987ರಲ್ಲಿ ಪೋಗ್ಸ್ ಬ್ಯಾಂಡಿನೊಡನೆ ಅವರು ಹಾಡಿದ ‘ಫೇರಿಟೇಲ್ ಆಫ್ ನ್ಯೂಯಾರ್ಕ್’ ಕೂಡ 2ಕ್ಕೇ ನಿಂತು, ಕ್ರಿಸ್ಮಸ್ಸಿಗೆ ಪ್ರತಿ ವರ್ಷ ಮರಳಿ ಬರುವ ಹಾಡಾಯಿತು. ಕರ್ಸ್ಟಿ ಮೆಕಾಲ್ 2000ದ ಡಿಸೆಂಬರಿನಲ್ಲಿ ಮೆಕ್ಸಿಕೊದ ಕಡಲಿನಲ್ಲಿ ದೋಣಿ ಬಡಿದು ತೀರಿಕೊಂಡರು.

ಕೆಲವು ಹಾಡುಗಳನ್ನು ತಡೆದದ್ದು ಎಣಿಕೆಯ ನಿಯಮವೇ. ಅಂಗಡಿಯಲ್ಲಿ ಸಿಂಗಲ್ ಆಗಿ ಮಾರದ ಹಾಡಿಗೆ ‘ಹಾಟ್ 100’ರಲ್ಲಿ ಜಾಗವಿಲ್ಲ ಎಂಬ ನಿಯಮ 1998ರ ಡಿಸೆಂಬರ್‌ವರೆಗೂ ಇತ್ತು. ತೊಂಬತ್ತರ ದಶಕದಲ್ಲಿ ಕಂಪನಿಗಳು ಇದನ್ನು ಬೇಕೆಂದೇ ಬಳಸಿದವು. ಒಂದು ಹಾಡಿಗಾಗಿ ಇಡೀ ಸಿಡಿ ಕೊಳ್ಳಲಿ ಎಂದು ಹಿಟ್ ಹಾಡನ್ನು ಬಿಡಿಯಾಗಿ ಮಾರುವುದನ್ನೇ ನಿಲ್ಲಿಸಿದವು. ನೋ ಡೌಟ್ ಬ್ಯಾಂಡಿನ ‘ಡೋಂಟ್ ಸ್ಪೀಕ್’ ರೇಡಿಯೊ ಪ್ರಸಾರದ ಪಟ್ಟಿಯಲ್ಲಿ 16 ವಾರ ಮೊದಲನೆಯದಾಗಿದ್ದರೂ ಮುಖ್ಯ ಪಟ್ಟಿಯ ದಾಖಲೆಯಲ್ಲಿ ಅದರ ಹೆಸರೇ ಇಲ್ಲ. ನಟಾಲಿ ಇಂಬ್ರೂಲಿಯಾ ಹಾಡಿದ ‘ಟಾರ್ನ್’ ಪ್ರಸಾರದಲ್ಲಿ 11 ವಾರ ಮೇಲಿತ್ತು. ನಿಯಮ ಬದಲಾಗುವ ಹೊತ್ತಿಗೆ ಅದರ ಕಾವು ಇಳಿದಿದ್ದರಿಂದ ಅಧಿಕೃತ ಸ್ಥಾನ 42 ಎಂದು ಬರೆಯಲಾಯಿತು. ಇವು ಯಾರೂ ಕೇಳದ ಹಾಡುಗಳಲ್ಲ. ಕೇಳಿದವರನ್ನು ಯಾರೂ ಎಣಿಸದ ಹಾಡುಗಳು.

ಅಂಗಡಿ, ಗೋದಾಮು, ತಟ್ಟೆ ಎಲ್ಲ ಹೋಗಿ ಹಾಡು ಫೋನಿಗೆ ಬಂದ ಮೇಲೂ ಈ ಅಂತರ ಪೂರ್ತಿ ಮುಚ್ಚಲಿಲ್ಲ. ಸ್ವೀಡನ್ನಿನ ರಾಬಿನ್ 2010ರಲ್ಲಿ ಹಾಡಿದ ‘ಡಾನ್ಸಿಂಗ್ ಆನ್ ಮೈ ಓನ್’ ಪ್ರಿಯಕರ ಇನ್ನೊಬ್ಬಳ ಜೊತೆಗಿರುವುದನ್ನು ಕಂಡೂ ಮೂಲೆಯಲ್ಲಿ ಒಬ್ಬಳೇ ಕುಣಿಯುವವಳ ಹಾಡು. ಅದು ಬ್ರಿಟನ್ನಿನಲ್ಲಿ 8ಕ್ಕೆ ಬಂತು, ಅಮೆರಿಕದ ಮುಖ್ಯ ಪಟ್ಟಿಗೆ ಸೇರಲಿಲ್ಲ. 2016ರಲ್ಲಿ ಕ್ಯಾಲಂ ಸ್ಕಾಟ್ ಅದನ್ನೇ ಪಿಯಾನೊ ಮೇಲೆ ನಿಧಾನವಾಗಿ ಹಾಡಿ ಬ್ರಿಟನ್ನಿನಲ್ಲಿ 2ನೆಯ ಸ್ಥಾನಕ್ಕೆ ಒಯ್ದರು. 2021ರಲ್ಲಿ ‘ರೋಲಿಂಗ್ ಸ್ಟೋನ್’ ಪತ್ರಿಕೆ ಸಾರ್ವಕಾಲಿಕ 500 ಹಾಡುಗಳನ್ನು ಆರಿಸಿದಾಗ ರಾಬಿನ್ ಹಾಡಿಗೆ ಕೊಟ್ಟದ್ದು 20ನೆಯ ಸ್ಥಾನ.

ತಡವಾಗಿಯಾದರೂ ಪಟ್ಟಿಯ ತುದಿ ಮುಟ್ಟಿದ್ದು ಕೇಟ್ ಬುಷ್ ಅವರ ‘ರನ್ನಿಂಗ್ ಅಪ್ ದಟ್ ಹಿಲ್’. 1985ರಲ್ಲಿ ಅದಕ್ಕೆ ಬ್ರಿಟನ್ನಿನಲ್ಲಿ 3, ಅಮೆರಿಕದಲ್ಲಿ 30ನೆಯ ಸ್ಥಾನ ಬಂದಿತ್ತು. 2022ರಲ್ಲಿ ‘ಸ್ಟ್ರೇಂಜರ್ ಥಿಂಗ್ಸ್’ ಧಾರಾವಾಹಿಯಲ್ಲಿ ಅದು ಕೇಳಿಬಂದದ್ದೇ, ಹಾಡು ಹುಟ್ಟಿದಾಗ ಇನ್ನೂ ಹುಟ್ಟಿರದ ಮಕ್ಕಳು ಅದನ್ನು ಹುಡುಕಿ ಹುಡುಕಿ ಕೇಳಿದರು. ಆದರೂ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲಿಗೆ ಅದು ಹ್ಯಾರಿ ಸ್ಟೈಲ್ಸ್ ಹಾಡಿನ ಕೆಳಗೆ ನಿಂತಿತು. ಹಳೆಯ ಹಾಡುಗಳೇ ಪಟ್ಟಿಯನ್ನು ತುಂಬಿಬಿಡಬಾರದು ಎಂದು ಅಲ್ಲೊಂದು ನಿಯಮವಿದೆ. ಹೊಸ ಹಾಡನ್ನು ಆನ್‌ಲೈನಿನಲ್ಲಿ ಒಂದು ಸಲ ಕೇಳಿದರೆ ಸಿಗುವ ಬೆಲೆಯ ಅರ್ಧವಷ್ಟೇ ಹಳೆಯ ಹಾಡಿಗೆ. ಈ ಹಾಡಿಗೆ ಆ ನಿಯಮದಿಂದ ವಿನಾಯಿತಿ ಕೊಟ್ಟ ಮೇಲೆ, ಜೂನ್ ತಿಂಗಳಲ್ಲಿ, 63ರ ವಯಸ್ಸಿನ ಕೇಟ್ ಬುಷ್ ಮೊದಲ ಸ್ಥಾನಕ್ಕೆ ಬಂದರು. ಅವರ ಹಿಂದಿನ ಮೊದಲ ಸ್ಥಾನ 1978ರ ‘ವದರಿಂಗ್ ಹೈಟ್ಸ್’ ಹಾಡಿನದು; ನಡುವೆ 44 ವರ್ಷ. ಉಳಿದ ಹಳೆಯ ಹಾಡುಗಳಿಗೆ ನಿಯಮ ಇದ್ದಂತೆಯೇ ಇದೆ. ನೆನಪಿನಿಂದ ಕೇಳಿದ ಹಾಡಿಗೆ ಪಟ್ಟಿಯಲ್ಲಿ ಇಂದಿಗೂ ಅರ್ಧ ಬೆಲೆ.